ಡೌನ್‌ಟನ್ ಆ್ಯಬಿ ಮುಗೀತು, ಮುಂದೆ ಯಾವ ಬ್ರಿಟಿಷ್ ಸೀರಿಯಲ್ ನೋಡೋದು?

ಹೆಬ್ಬಾಳದವಳು:
ದೊಡ್ಡ ಬಂಗಲೆಯ ಯಜಮಾನರು, ಆಳುಗಳ ಕಥೆ ಡೌನ್‌ಟನ್ ಆ್ಯಬಿ, ಅದರ ಆರೂ ಸೀಸನ್ ಮುಗಿದವು. ಅಮ್ಮನೂ ಜೊತೆಗೆ ನೋಡಿದರು. ಅಜ್ಜಿ ಪಾತ್ರದ ಮ್ಯಾಗಿ ಸ್ಮಿತ್ ಬಾಯಿ ತೆಗೆದರೆ ಸಾಕು, ಮಾತು ಅರ್ಥವಾಗಲಿ ಬಿಡಲಿ, ನಗುತ್ತಿದ್ದರು. ಈಗ ರಾತ್ರಿ ಊಟ ಆದ ಮೇಲೆ ಏನು ಹಾಕೋದು ಅನ್ನೋದೇ ದೊಡ್ಡ ಪ್ರಶ್ನೆ. ಹಳೇ ಕಾಲದ್ದಾದರೂ ಸರಿ, ಪೊಲೀಸ್ ಕಥೆಯಾದರೂ ಸರಿ. ವರ್ಷಗಟ್ಟಲೆ ಎಳೆದು ಕೊನೆಗೆ ಕೈಕೊಡುವಂಥದ್ದು ಮಾತ್ರ ಬೇಡ. ಅಮ್ಮನ ಜೊತೆ ನೋಡಬಹುದಾದದ್ದು ಯಾವುದು, ಒಬ್ಬಳೇ ನೋಡಬೇಕಾದದ್ದು ಯಾವುದು ಅಂತಲೂ ಹೇಳಿಬಿಡಿ. ಕೊಲೆ ಮಾಡಿದ್ದು ಯಾರು ಅಂತ ದಯವಿಟ್ಟು ಯಾರೂ ಬರೆಯಬೇಡಿ.

ಹಳೇ ಆಂಟೆನಾ:
ಡೌನ್‌ಟನ್ ಹಿಡಿಸಿದ್ದರೆ ಅದಕ್ಕೂ ಮೊದಲು ಇದೇ ದಾರಿ ತುಳಿದದ್ದನ್ನು ನೋಡಿ. ಅಪ್‌ಸ್ಟೇರ್ಸ್, ಡೌನ್‌ಸ್ಟೇರ್ಸ್. 1971ರಿಂದ 1975ರವರೆಗೆ ಬ್ರಿಟನ್ನಿನ ಐಟಿವಿ ಚಾನೆಲ್ಲಿನಲ್ಲಿ ಬಂತು, 68 ಕಂತು. ಲಂಡನ್ನಿನ 165, ಈಟನ್ ಪ್ಲೇಸ್ ಅನ್ನುವ ಮನೆ. ಮೇಲೆ ಬೆಲ್ಲಮಿ ಕುಟುಂಬ, ಕೆಳಗೆ ಆಳುಕಾಳು. ಜೀನ್ ಮಾರ್ಷ್, ಐಲೀನ್ ಆಟ್ಕಿನ್ಸ್ ಎಂಬ ಇಬ್ಬರು ನಟಿಯರಿಗೆ ಹೊಳೆದ ಕಥೆ ಇದು. ಮನೆಗೆಲಸದ ರೋಸ್ ಪಾತ್ರವನ್ನು ಜೀನ್ ಮಾರ್ಷ್ ತಾವೇ ಮಾಡಿದರು. ಶುರುವಿನ ಕೆಲವು ಕಂತು ಕಪ್ಪು ಬಿಳುಪು. ಬಣ್ಣದ ಕ್ಯಾಮೆರಾ ಇರಲಿಲ್ಲ ಅಂತಲ್ಲ. ಅದರಲ್ಲಿ ಕೆಲಸ ಮಾಡಬೇಕಾದರೆ ಸಂಬಳ ಜಾಸ್ತಿ ಕೊಡಿ ಅಂತ ಐಟಿವಿಯ ತಂತ್ರಜ್ಞರು ಪಟ್ಟು ಹಿಡಿದಿದ್ದರು. ಆಳುಗಳ ಕಥೆ ಹೇಳುವ ಸೀರಿಯಲ್ಲಿಗೆ ಇದಕ್ಕಿಂತ ಒಳ್ಳೆ ಮುಹೂರ್ತ ಬೇಕಾ?

ಅಮ್ಮನ ಜೊತೆಗೆ ಅಂದರೆ 1995ರ ಪ್ರೈಡ್ ಆ್ಯಂಡ್ ಪ್ರೆಜುಡಿಸ್. ಬಿಬಿಸಿಯದು, ಆರೇ ಕಂತು. ಐದು ಹೆಣ್ಣುಮಕ್ಕಳ ಮದುವೆಯ ಚಿಂತೆಯಲ್ಲಿ ತಲೆ ಕೆಟ್ಟ ತಾಯಿ. ಇದಕ್ಕೆ ಸಬ್‌ಟೈಟಲ್ಲೂ ಬೇಕಾಗಲ್ಲ ನೋಡಿ.

ಲೀಡ್ಸ್ ಕನ್ನಡಿಗ:
ನಾನು ಒಂದೇ ಹೆಸರು ಹೇಳಿ ಸುಮ್ನಾಗ್ತೀನಿ. ಹ್ಯಾಪಿ ವ್ಯಾಲಿ.

ನಾನಿರುವ ಊರಿನಿಂದ ರೈಲಿನಲ್ಲಿ ಹೋದರೆ ಹ್ಯಾಲಿಫ್ಯಾಕ್ಸ್, ಸೋವರ್‌ಬಿ ಬ್ರಿಡ್ಜ್, ಹೆಬ್ಡನ್ ಬ್ರಿಡ್ಜ್ ಸಿಗುತ್ತವೆ. ಕಾಲ್ಡರ್ ಕಣಿವೆ. ಹಿಂದೆ ಬಟ್ಟೆ ಗಿರಣಿ ಇದ್ದ ಊರುಗಳು. ಮಸಿ ಹಿಡಿದ ಕಲ್ಲಿನ ಮನೆಗಳು, ಹಿಂದೆ ಹಸಿರು ಗುಡ್ಡ. ನೋಡೋಕೆ ಚಿತ್ರದ ಹಾಗಿರುತ್ತೆ, ಒಳಗೆ ಡ್ರಗ್ಸ್ ಕಾಟ. ಸಾರ್ಜೆಂಟ್ ಕ್ಯಾಥರೀನ್ ಕಾವುಡ್ ಅಲ್ಲಿನ ಪೊಲೀಸ್. ಡಿಟೆಕ್ಟಿವ್ ಅಲ್ಲ, ಯೂನಿಫಾರ್ಮ್ ಹಾಕಿಕೊಂಡು ಬೀದಿಗಿಳಿಯುವವಳು.

ಮೊದಲ ಕಂತಿನ ಮೊದಲ ದೃಶ್ಯ ನೋಡಿ. ಮಕ್ಕಳ ಆಟದ ಮೈದಾನದಲ್ಲಿ ಒಬ್ಬ ಹುಡುಗ ಮೈಮೇಲೆ ಪೆಟ್ರೋಲ್ ಸುರಿದುಕೊಂಡು, ಕೈಯಲ್ಲಿ ಲೈಟರ್ ಹಿಡಿದು ಕೂತಿದ್ದಾನೆ. ಪ್ರೇಮ ವೈಫಲ್ಯ. ಕ್ಯಾಥರೀನ್ ಅಂಗಡಿಗೆ ನುಗ್ಗಿ ಬೆಂಕಿ ಆರಿಸುವ ಸಿಲಿಂಡರ್ ಕೇಳುತ್ತಾಳೆ, ತಂಪು ಕನ್ನಡಕ ಹಾಕಿಕೊಳ್ಳುತ್ತಾಳೆ, ಹೋಗಿ ಅವನ ಮುಂದೆ ನಿಲ್ಲುತ್ತಾಳೆ. ಮಾತಿಗೆ ಎಳೆಯೋಕೆ ತನ್ನ ಪರಿಚಯ ಹೇಳುತ್ತಾಳೆ. ವಯಸ್ಸು 47, ಡಿವೋರ್ಸ್ ಆಗಿದೆ, ಹೆರಾಯಿನ್ ಬಿಟ್ಟು ಚೇತರಿಸಿಕೊಳ್ಳುತ್ತಿರುವ ತಂಗಿಯ ಜೊತೆ ವಾಸ, ಇಬ್ಬರು ಮಕ್ಕಳಲ್ಲಿ ಒಬ್ಬಳು ಸತ್ತಿದ್ದಾಳೆ, ಇನ್ನೊಬ್ಬ ತನ್ನ ಜೊತೆ ಮಾತಾಡಲ್ಲ, ಒಬ್ಬ ಮೊಮ್ಮಗ ಇದ್ದಾನೆ. ಬೇರೆಯವರಾಗಿದ್ದರೆ ಇಷ್ಟು ಹೇಳೋಕೆ ಮೂರು ಕಂತು ತಗೊಂಡಿರೋರು. ಇಲ್ಲಿ ಹುಡುಗ ಕೆಳಗಿಳಿಯುವುದರೊಳಗೆ ಅವಳ ಇಡೀ ಬದುಕು ನಮಗೆ ಗೊತ್ತಾಗಿಬಿಡುತ್ತದೆ. ಅದೂ ನಗು ಬರುವ ಹಾಗೆ.

ಮೂರೇ ಸೀಸನ್. 2014, 2016, 2023. ಒಟ್ಟು 18 ಕಂತು. ಆ ಏಳು ವರ್ಷದ ಬಿಡುವು ಬೇಕೆಂದೇ ಬಿಟ್ಟದ್ದು. ಮೊಮ್ಮಗನ ಪಾತ್ರದ ರೀಸ್ ಕಾನಾ ನಿಜವಾಗಿಯೂ ಬೆಳೆದು ಹದಿಹರೆಯಕ್ಕೆ ಬರಲಿ ಅಂತ ಕಾದರು. ಚಿಕ್ಕ ಹುಡುಗನಾಗಿ ನೋಡಿದವನೇ ಉದ್ದಕ್ಕೆ ಬೆಳೆದು ಎದುರು ಬಂದು ನಿಂತಾಗ ಹೊಟ್ಟೆಯೊಳಗೆ ಏನೋ ಆಗುತ್ತದೆ. ಮೇಡಂ, ಇದನ್ನು ಒಬ್ಬರೇ ನೋಡಿ. ಹಿಂಸೆ ಜಾಸ್ತಿ.

ರಾತ್ರಿಪಾಳಿ:
ಹ್ಯಾಪಿ ವ್ಯಾಲಿಗೆ ನನ್ನದೂ ಒಂದು ವೋಟು. ಇನ್ನೊಂದು ವಿಷಯ ಸೇರಿಸ್ತೀನಿ. ಕ್ಯಾಥರೀನಳ ತಂಗಿ ಕ್ಲೇರ್ ಆಗಿ ನಟಿಸಿರೋ ಶಿವಾನ್ ಫಿನ್ನರನ್ ಯಾರು ಗೊತ್ತಾ? ಡೌನ್‌ಟನ್ನಿನ ಕುತಂತ್ರಿ ಓಬ್ರಯನ್! ಅದೇ ಹೆಂಗಸು ಅಂತ ನಂಬೋಕಾಗಲ್ಲ.

ಆದರೆ ಪೊಲೀಸ್ ಕಥೆ ಅಂದರೆ ನನಗೆ ಲೈನ್ ಆಫ್ ಡ್ಯೂಟಿ. ಪೊಲೀಸರ ಮೇಲೇ ತನಿಖೆ ಮಾಡುವ ಎಸಿ-12 ಅನ್ನುವ ವಿಭಾಗ. ಬರೆದವರು ಜೆಡ್ ಮರ್ಕ್ಯೂರಿಯೋ, ಮೊದಲು ಡಾಕ್ಟರ್ ಆಗಿದ್ದವರು. ಇದರ ರುಚಿ ಇರೋದು ಓಡಾಟದಲ್ಲಿ ಅಲ್ಲ, ವಿಚಾರಣೆ ಕೋಣೆಯಲ್ಲಿ. ಗಾಜಿನ ಗೋಡೆಯ ಕೋಣೆ, ಮೇಜಿನ ಆಚೆ ಈಚೆ ನಾಲ್ಕೈದು ಜನ. ರೆಕಾರ್ಡರ್ ಗುಂಡಿ ಒತ್ತಿದರೆ ಕೀಂಯ್ ಅಂತ ಉದ್ದಕ್ಕೆ ಕೂಗುತ್ತದೆ, ನಿಲ್ಲುವವರೆಗೂ ಯಾರೂ ಮಾತಾಡುವ ಹಾಗಿಲ್ಲ. ಆಮೇಲೆ ಕಾಗದ, ಫೋಟೋ, ಇಷ್ಟನೇ ಪುಟ ನೋಡಿ, ಅಷ್ಟನೇ ಪುಟ ನೋಡಿ. ಆರೋಪಿ ಅಧಿಕಾರಿ ಮೆಲ್ಲಗೆ ಒಂದು ನಿಯಮ ತೆಗೀತಾರೆ: ನನಗಿಂತ ಕನಿಷ್ಠ ಒಂದು ದರ್ಜೆ ಮೇಲಿನವರೇ ನನ್ನನ್ನು ಪ್ರಶ್ನೆ ಮಾಡಬೇಕು. ಅಲ್ಲಿಗೆ ಎದುರಿಗೆ ಕೂತವರ ಬಾಯಿ ಬಂದ್. ಒಂದು ಗುಂಡೂ ಹಾರದೆ ಇಪ್ಪತ್ತು ನಿಮಿಷ ಉಸಿರು ಬಿಗಿಹಿಡಿದು ಕೂರಬೇಕು.

2021ರ ಮೇ 2ರಂದು ಬಂದ ಆರನೇ ಸೀಸನ್ನಿನ ಕೊನೆಯ ಕಂತನ್ನು ಬ್ರಿಟನ್ನಿನಲ್ಲಿ 1.28 ಕೋಟಿ ಜನ ಆ ರಾತ್ರಿಯೇ ನೋಡಿದರು. ಅರ್ಧ ದೇಶ ಬೈಯ್ತು. ನನಗೂ ಕೋಪ ಬಂತು.

ಕರಾವಳಿ ಕಿರಿಕ್:
ಆ ಕೊನೆ ಸರಿಯಾಗೇ ಇದೆ ಮಾರಾಯ್ರೇ. ದೊಡ್ಡ ರಾಕ್ಷಸ ಬೇಕು ಅಂತ ಎಲ್ಲರೂ ಕಾದು ಕೂತಿದ್ರು. ಸಿಕ್ಕಿದ್ದು ಇಲಾಖೆಯ ಸೋಮಾರಿತನ, ಮುಚ್ಚಿಹಾಕುವ ಚಟ. ನಿಜ ಜೀವನದಲ್ಲಿ ಹಾಗೇ ಅಲ್ವಾ ಇರೋದು?

ರಾತ್ರಿಪಾಳಿ:
ನಿಜ ಜೀವನ ಬೇಕಾದರೆ ನಾನು ಆಫೀಸಿಗೇ ಹೋಗ್ತೀನಿ ಬಿಡಿ.

ಶರಾವತಿ ತೀರ:
ಎಲ್ಲ ಸರಿ, ಒಂದು ಮಾತು. ಈ ದೊಡ್ಡ ಬಂಗಲೆ, ಬೆಳ್ಳಿ ತಟ್ಟೆ, ನರಿ ಬೇಟೆ ಇವನ್ನೆಲ್ಲ ನಾವು ಬಾಯಿ ಬಿಟ್ಟುಕೊಂಡು ನೋಡುತ್ತೇವಲ್ಲ, ಆ ದುಡ್ಡು ಎಲ್ಲಿಂದ ಬಂತು ಅಂತ ಒಬ್ಬ ಪಾತ್ರವೂ ಕೇಳುವುದಿಲ್ಲ. ಡೌನ್‌ಟನ್ 1912ರಲ್ಲಿ ಶುರುವಾಗಿ 1925ರ ಕೊನೆಗೆ ಮುಗಿಯುತ್ತದೆ. ನಡುವೆ 1919 ಬಂದು ಹೋಗುತ್ತದೆ. ಜಲಿಯನ್‌ವಾಲಾ ಬಾಗ್ ನಡೆದ ವರ್ಷ. ಆ ಮನೆಯ ಊಟದ ಮೇಜಿನಲ್ಲಿ ದೊಡ್ಡ ಚಿಂತೆ ಎಂದರೆ ಆಸ್ತಿ ಯಾರಿಗೆ ಅನ್ನುವುದು. ಚೆನ್ನಾಗಿ ಮಾಡಿದ್ದಾರೆ, ಒಪ್ಪುತ್ತೇನೆ. ಆದರೆ ನನಗೆ ನುಂಗಲು ಕಷ್ಟ.

ಹಳೇ ಆಂಟೆನಾ:
ಹಾಗಾದರೆ ನೀವು ದ ಜ್ಯುವೆಲ್ ಇನ್ ದ ಕ್ರೌನ್ ನೋಡಲೇಬೇಕು ಸರ್. ಗ್ರನಾಡಾ ಕಂಪನಿ 1984ರಲ್ಲಿ ತಂದದ್ದು, 14 ಕಂತು, ಪಾಲ್ ಸ್ಕಾಟ್ ಅವರ ನಾಲ್ಕು ಕಾದಂಬರಿಗಳಿಂದ. ಉದಯಪುರ, ಶಿಮ್ಲಾಗಳಿಗೆ ಬಂದು ಚಿತ್ರೀಕರಣ ಮಾಡಿದರು. 1942, ಕ್ವಿಟ್ ಇಂಡಿಯಾ ದಿನಗಳು, ಮಾಯಾಪುರ ಅನ್ನುವ ಕಲ್ಪಿತ ಊರು.

ಹರಿ ಕುಮಾರ್ ಅಂತ ಒಬ್ಬ. ಮಗುವಾಗಿದ್ದಾಗಲೇ ಇಂಗ್ಲೆಂಡಿಗೆ ಹೋಗಿ, ಅಲ್ಲಿ ದೊಡ್ಡ ಶಾಲೆಯಲ್ಲಿ ಓದಿ ಬೆಳೆದವನು. ಅಪ್ಪ ದಿವಾಳಿಯಾಗಿ ತೀರಿಕೊಂಡ ಮೇಲೆ ಭಾರತಕ್ಕೆ ಬಂದು ಬೀಳುತ್ತಾನೆ. ಬಾಯಲ್ಲಿ ಅಪ್ಪಟ ಸಾಹೇಬರ ಇಂಗ್ಲಿಷ್, ಮೈಬಣ್ಣ ನಮ್ಮದು. ಇಲ್ಲಿನವರಿಗೆ ಅವನು ಹೊರಗಿನವನು, ಬಿಳಿಯರ ಕ್ಲಬ್ಬಿಗೆ ಅವನು ಕರಿಯ. ಎದುರಿಗೆ ಪೊಲೀಸ್ ಅಧಿಕಾರಿ ರೊನಾಲ್ಡ್ ಮೆರಿಕ್. ಟಿಮ್ ಪಿಗಟ್ ಸ್ಮಿತ್ ನಟನೆ. ಮೆರಿಕ್ ಬಿಳಿಯ, ಆದರೆ ಸಾಮಾನ್ಯ ಮನೆಯಿಂದ ಬಂದವನು. ತನಗಿಂತ ಚೆನ್ನಾಗಿ ಇಂಗ್ಲಿಷ್ ಮಾತಾಡುವ ಭಾರತೀಯನನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಕೈಯಲ್ಲಿ ಅಧಿಕಾರ ಬೇರೆ ಇದೆ. ಮುಂದಿನದು ನೀವೇ ನೋಡಿ. ಸಾಮ್ರಾಜ್ಯವನ್ನು ಇಷ್ಟು ಹತ್ತಿರದಿಂದ ಒಬ್ಬ ಮನುಷ್ಯನ ಕೀಳರಿಮೆಯಾಗಿ ತೋರಿಸಿದ್ದನ್ನು ನಾನು ಬೇರೆ ಕಡೆ ಕಂಡಿಲ್ಲ.

ನಮ್ಮ ಕಡೆಯ ಒಂದು ಕೊಂಡಿಯೂ ಇದೆ. ಇದರಲ್ಲಿ ಮಿಷನರಿ ಶಾಲೆಯ ಬಾರ್ಬಿ ಆಗಿರುವ ಪೆಗ್ಗಿ ಆ್ಯಶ್‌ಕ್ರಾಫ್ಟ್, ಹರಿ ಆಗಿರುವ ಆರ್ಟ್ ಮಲಿಕ್, ಇಬ್ಬರೂ ಅದೇ 1984ರ ಎ ಪ್ಯಾಸೇಜ್ ಟು ಇಂಡಿಯಾ ಸಿನಿಮಾದಲ್ಲೂ ಇದ್ದಾರೆ. ಅದು ಬೆಂಗಳೂರಲ್ಲಿ ಚಿತ್ರೀಕರಣವಾಯಿತು. ಗುಹೆಗಳ ದೃಶ್ಯಕ್ಕೆ ಸಾವನದುರ್ಗ, ರಾಮದೇವರ ಬೆಟ್ಟಕ್ಕೆ ಹೋದರು. ಆ್ಯಶ್‌ಕ್ರಾಫ್ಟ್ ಅವರಿಗೆ ಆಸ್ಕರ್ ಬಂದದ್ದು ಆ ಸಿನಿಮಾಕ್ಕೇ.

ಶರಾವತಿ ತೀರ:
ನೋಡಿದ್ದೇನೆ ಸರ್. ಮೊದಲ ಮೂರು ನಾಲ್ಕು ಕಂತು ಅದ್ಭುತ. ಆಮೇಲೆ ಹರಿ ಕುಮಾರ್ ಜೈಲಿಗೆ ಹೋಗುತ್ತಾನೆ, ಕಥೆ ಬಿಳಿಯರ ಕುಟುಂಬಗಳ ಹಿಂದೆ ಹೋಗುತ್ತದೆ. ಜೈಲಿನಲ್ಲಿ ಅವನನ್ನು ಕೂರಿಸಿ ಹೇಳಿಕೆ ತೆಗೆದುಕೊಳ್ಳುವ ದೃಶ್ಯ ಬಿಟ್ಟರೆ ಅವನು ಬಹುತೇಕ ಮಾಯ. ದೇಶ ನಮ್ಮದು, ಸ್ವಾತಂತ್ರ್ಯ ನಮ್ಮದು, ಆದರೆ ಅಳುವ ಕೆಲಸ ಪೂರ್ತಿ ಅವರಿಗೇ ಕೊಟ್ಟಿದ್ದಾರೆ. ಸಲ್ಮಾನ್ ರಶ್ದಿ 1984ರಲ್ಲೇ ಈ ಬ್ರಿಟಿಷ್ ರಾಜ್ ಮೋಹದ ಬಗ್ಗೆ ಖಾರವಾಗಿ ಬರೆದಿದ್ದರು. ಇಂಡಿಯನ್ ಸಮ್ಮರ್ಸ್ ಅಂತ 2015ರಲ್ಲಿ ಒಂದು ಬಂತು, ಅದು ಇನ್ನೂ ತೆಳು. ಶಿಮ್ಲಾ ಕಥೆ, ಚಿತ್ರೀಕರಣ ಮಲೇಷ್ಯಾದ ಪೆನಾಂಗ್‌ನಲ್ಲಿ! ಎರಡೇ ಸೀಸನ್ನಿಗೆ ನಿಂತುಹೋಯಿತು.

ಲೀಡ್ಸ್ ಕನ್ನಡಿಗ:
ಮೆರಿಕ್ ಬಗ್ಗೆ ಆಂಟೆನಾ ಸರ್ ಹೇಳಿದ್ದು ನನ್ನ ತಲೆಯಲ್ಲಿ ಇದ್ದ ಮಾತನ್ನೇ ಎಳೆಯಿತು. ಹಳೇ ಕಾಲದ ಸೀರಿಯಲ್ ಬೇರೆ, ಪೊಲೀಸ್ ಸೀರಿಯಲ್ ಬೇರೆ ಅಂತ ನಾವು ಅಂಗಡಿ ಬೇರೆ ಮಾಡ್ತೀವಿ. ನನಗೆ ಎರಡರಲ್ಲೂ ಒಳಗಿನ ಸರಕು ಒಂದೇ ಅನಿಸುತ್ತೆ: ಯಾರು ಯಾವ ಮನೆಯಿಂದ ಬಂದವರು, ಯಾರು ಯಾರ ಮುಂದೆ ಕೂರಬಹುದು. ಇನ್‌ಸ್ಪೆಕ್ಟರ್ ಮೋರ್ಸ್ ತಗೊಳ್ಳಿ. ಆಕ್ಸ್‌ಫರ್ಡಿನಲ್ಲಿ ಓದಿ ಪದವಿ ಮುಗಿಸದೆ ಬಿಟ್ಟವನು. ಅದೇ ಕಾಲೇಜಿನ ಪ್ರೊಫೆಸರರ ಮುಂದೆ ಪೊಲೀಸ್ ಆಗಿ ನಿಂತಾಗ ಅವನ ಬೆನ್ನು ಬಿಗಿಯಾಗೋದು ಗೊತ್ತಾಗುತ್ತೆ. ಜೊತೆಗಿರುವ ಲೂಯಿಸ್ ಉತ್ತರದ ನ್ಯೂಕಾಸಲ್ ಕಡೆಯವನು. ಮೋರ್ಸ್ ಅವನ ವ್ಯಾಕರಣ ತಿದ್ದುತ್ತಾನೆ, ಬಿಯರಿನ ದುಡ್ಡು ಅವನ ಕೈಲೇ ಕೊಡಿಸುತ್ತಾನೆ. ಕೊಲೆ ಯಾರು ಮಾಡಿದರು ಅನ್ನೋದು ಮರೆತುಹೋಗುತ್ತೆ, ಇದು ಮರೆಯಲ್ಲ.

ಬರೆದವರ ವಿಷಯಕ್ಕೂ ಹಾಗೇ. ಆಂಡ್ರ್ಯೂ ಡೇವಿಸ್ ಅನ್ನುವ ಒಬ್ಬರೇ 1990ರಲ್ಲಿ ಹೌಸ್ ಆಫ್ ಕಾರ್ಡ್ಸ್ ಬರೆದರು, 1994ರಲ್ಲಿ ಮಿಡಲ್‌ಮಾರ್ಚ್, 1995ರಲ್ಲಿ ಮೇಲೆ ಹೇಳಿದ ಪ್ರೈಡ್ ಆ್ಯಂಡ್ ಪ್ರೆಜುಡಿಸ್. ಮೊದಲನೇದರಲ್ಲಿ ಕುರ್ಚಿಗಾಗಿ ಕೊಲೆ, ಕೊನೆಯದರಲ್ಲಿ ವರ್ಷಕ್ಕೆ 10,000 ಪೌಂಡ್ ಆದಾಯದ ವರ.

ಕರಾವಳಿ ಕಿರಿಕ್:
ಮೋರ್ಸ್ ಹೆಸರು ತೆಗೆದ್ರಲ್ಲ, ಇನ್ನು ನನ್ನನ್ನು ಹಿಡಿಯೋರಿಲ್ಲ. 1987ರಿಂದ 2000, 33 ಕಂತು, ಒಂದೊಂದೂ ಒಂದು ಸಿನಿಮಾದಷ್ಟು ಉದ್ದ. ಕೆಂಪು ಜಾಗ್ವಾರ್ ಕಾರು, ಒಪೆರಾ, ಪದಬಂಧ, ಬಿಯರು. ಆಮೇಲೆ ಲೂಯಿಸ್ ಹೆಸರಲ್ಲೇ 2006ರಿಂದ ಬೇರೆ ಸೀರಿಯಲ್, ಅದೂ 33 ಕಂತು. ಆಮೇಲೆ ಮೋರ್ಸ್ ಹುಡುಗನಾಗಿದ್ದ 1960ರ ದಶಕಕ್ಕೆ ಹಿಂದೆ ಹೋಗಿ ಎಂಡೆವರ್.

ನನ್ನ ಕೇಳಿದ್ರೆ ಎಂಡೆವರ್‌ನಿಂದಲೇ ಶುರು ಮಾಡಿ. ಶಾನ್ ಇವಾನ್ಸ್ ಮೋರ್ಸ್, ರೋಜರ್ ಆಲಮ್ ಅವನ ಮೇಲಧಿಕಾರಿ ಥರ್ಸ್‌ಡೇ. ಥರ್ಸ್‌ಡೇಗೆ ಹೆಂಡತಿ ದಿನಾ ಸ್ಯಾಂಡ್‌ವಿಚ್ ಕಟ್ಟಿ ಕೊಡ್ತಾಳೆ. ಇವತ್ತು ಯಾವ ವಾರ ಅಂತ ನೋಡಿ ಒಳಗೆ ಏನಿದೆ ಅಂತ ಮೋರ್ಸ್ ಬಿಚ್ಚದೇ ಹೇಳಿಬಿಡ್ತಾನೆ, ಮುದುಕನಿಗೆ ಸಿಟ್ಟು. ಅದರಲ್ಲಿ ಪತ್ರಿಕೆಯ ಸಂಪಾದಕಿಯಾಗಿ ಬರುವ ಆ್ಯಬಿಗೇಲ್ ಥಾ, ಹಳೇ ಮೋರ್ಸ್ ಆಗಿದ್ದ ಜಾನ್ ಥಾ ಅವರ ಸ್ವಂತ ಮಗಳು. ಅಪ್ಪನ ಪಾತ್ರದ ಎಳೇ ವಯಸ್ಸಿನವನ ಎದುರು ಮಗಳು ನಿಂತು ಮಾತಾಡ್ತಾಳೆ.

ಅಮ್ಮನ ಜೊತೆ ಧಾರಾಳವಾಗಿ ನೋಡಬಹುದು. ಕೊಲೆಗಳಿದ್ದರೂ ರಕ್ತ ಕಮ್ಮಿ.

ಅಂಚೆ ಮನೆ:
ನಾನು ಇಲ್ಲಿ ಜಾಸ್ತಿ ಬರೆಯುವವನಲ್ಲ. ಅಂಚೆ ಇಲಾಖೆಯಲ್ಲಿ ಸರ್ವಿಸ್ ಮುಗಿಸಿದವನು. ಮಗ ತೋರಿಸಿದ ಒಂದು ಸೀರಿಯಲ್ ಬಗ್ಗೆ ಹೇಳಬೇಕು ಅನಿಸಿತು. ಮಿಸ್ಟರ್ ಬೇಟ್ಸ್ ವರ್ಸಸ್ ದ ಪೋಸ್ಟ್ ಆಫೀಸ್. 2024ರ ಜನವರಿ 1ರಿಂದ ನಾಲ್ಕು ರಾತ್ರಿ ಐಟಿವಿಯಲ್ಲಿ ಬಂತು. ನಾಲ್ಕೇ ಕಂತು. ಕೊಲೆ ಇಲ್ಲ. ಆದರೆ ಇದಕ್ಕಿಂತ ದೊಡ್ಡ ಅಪರಾಧದ ಕಥೆ ನಾನು ನೋಡಿಲ್ಲ.

ಅಲ್ಲಿ ಹಳ್ಳಿ ಅಂಚೆ ಕಚೇರಿಗಳನ್ನು ನಡೆಸುವವರು ಇಲಾಖೆಯ ನೌಕರರಲ್ಲ, ಗುತ್ತಿಗೆಯವರು. ಅಂಗಡಿಯ ಒಂದು ಮೂಲೆಯಲ್ಲಿ ಕೌಂಟರ್. ಲೆಕ್ಕದಲ್ಲಿ ಕಮ್ಮಿ ಬಂದರೆ ಕೈಯಿಂದ ಕಟ್ಟಬೇಕು ಅಂತ ಕರಾರು. 1999ರಿಂದ ಹೊರೈಜನ್ ಅನ್ನುವ ಕಂಪ್ಯೂಟರ್ ವ್ಯವಸ್ಥೆ ಬಂತು, ಫುಜಿತ್ಸು ಕಂಪನಿಯದು. ಅದು ತಪ್ಪು ಲೆಕ್ಕ ತೋರಿಸುತ್ತಿತ್ತು. ಪೋಸ್ಟ್ ಆಫೀಸು ಕಂಪ್ಯೂಟರನ್ನು ನಂಬಿತು, ಮನುಷ್ಯರನ್ನು ನಂಬಲಿಲ್ಲ. 2015ರವರೆಗೆ 900ಕ್ಕೂ ಹೆಚ್ಚು ಜನರಿಗೆ ಕಳ್ಳತನ, ಸುಳ್ಳು ಲೆಕ್ಕ ಅಂತ ಶಿಕ್ಷೆಯಾಯಿತು. ಅದರಲ್ಲಿ ಸುಮಾರು 700 ಕೇಸು ಪೋಸ್ಟ್ ಆಫೀಸು ತಾನೇ ಹಾಕಿದ್ದು. ಪೊಲೀಸರ ಹಂಗಿಲ್ಲದೆ ಕೇಸು ನಡೆಸುವ ಅವಕಾಶ ಅಲ್ಲಿ ಅದಕ್ಕಿತ್ತು. ಸಿಕ್ಕಿಬಿದ್ದವರಲ್ಲಿ ನಮ್ಮ ದೇಶದಿಂದ ಹೋಗಿ ನೆಲೆಸಿದವರೂ ಇದ್ದರು. ಸೀಮಾ ಮಿಶ್ರಾ ಎಂಬುವರನ್ನು 2010ರಲ್ಲಿ ಗರ್ಭಿಣಿಯಾಗಿದ್ದಾಗಲೇ ಜೈಲಿಗೆ ಹಾಕಿದರು.

ಒಂದು ದೃಶ್ಯ ಹೇಳುತ್ತೇನೆ. ಜೋ ಹ್ಯಾಮಿಲ್ಟನ್ ಎಂಬ ಹೆಂಗಸು, ಹಳ್ಳಿಯಲ್ಲಿ ಅಂಗಡಿ. ಸಂಜೆ ಬಾಗಿಲು ಹಾಕಿ ಶಿಲ್ಕು ತಾಳೆ ನೋಡುತ್ತಾರೆ. ಸುಮಾರು 2,000 ಪೌಂಡ್ ಕಮ್ಮಿ. ಸಹಾಯವಾಣಿಗೆ ಫೋನ್ ಮಾಡುತ್ತಾರೆ. ಆ ಕಡೆಯವರು ಹೇಳಿದ ಗುಂಡಿ ಒತ್ತುತ್ತಾರೆ. ಪರದೆಯ ಮೇಲೆ, ಕಣ್ಣೆದುರಿಗೇ, ಕಮ್ಮಿ ಬಂದದ್ದು ಎರಡರಷ್ಟಾಗುತ್ತದೆ. ಆಕೆಯ ಮುಖ ನೋಡಬೇಕು. ಇನ್ನೊಂದು ಮಾತು ಪದೇ ಪದೇ ಬರುತ್ತದೆ: ಇಂಥ ತೊಂದರೆ ನಿಮಗೊಬ್ಬರಿಗೇ ಆಗಿರೋದು. ಎಲ್ಲರಿಗೂ ಅದೇ ಮಾತು ಹೇಳಿದ್ದಾರೆ.

ಕೌಂಟರಿನಲ್ಲಿ ಕೂತವರಿಗೆ ಇದು ಅರ್ಥವಾಗುತ್ತದೆ. ಹತ್ತು ರೂಪಾಯಿ ತಾಳೆಯಾಗದಿದ್ದರೆ ಮನೆಗೆ ಹೋಗಲು ಮನಸ್ಸು ಬರುವುದಿಲ್ಲ.

ಹೆಬ್ಬಾಳದವಳು:
ಸರ್, ಇದನ್ನು ಓದಿ ಕೈಯೆಲ್ಲ ತಣ್ಣಗಾಯಿತು. ಕೊನೆಗೆ ಅವರಿಗೆ ನ್ಯಾಯ ಸಿಕ್ಕಿತಾ? ನಿಜ ಘಟನೆ ಅಲ್ವಾ, ಇದನ್ನು ಹೇಳಿದರೆ ಪರವಾಗಿಲ್ಲ.

ಅಂಚೆ ಮನೆ:
ಆ್ಯಲನ್ ಬೇಟ್ಸ್ ಅನ್ನುವವರು ವೇಲ್ಸಿನ ಲ್ಯಾಂಡಡ್ನೋ ಊರಿನಲ್ಲಿ ಅಂಚೆ ಕಚೇರಿ ನಡೆಸಿದವರು. ಅವರು ಎಲ್ಲರನ್ನೂ ಒಟ್ಟುಗೂಡಿಸಿದರು. 555 ಜನ ಸೇರಿ ಹೈಕೋರ್ಟಿಗೆ ಹೋದರು, 2019ರಲ್ಲಿ ಗೆದ್ದರು. ರಾಜಿಯಲ್ಲಿ ಬಂದದ್ದು 5.775 ಕೋಟಿ ಪೌಂಡ್. ಅದರಲ್ಲಿ ಹೆಚ್ಚಿನ ಪಾಲು ಕೋರ್ಟು ಖರ್ಚಿಗೇ ಹೋಯಿತು. ಪತ್ರಿಕೆಗಳಲ್ಲಿ ವರ್ಷಾನುಗಟ್ಟಲೆ ಬಂದರೂ ಜನ ಅಷ್ಟಾಗಿ ತಲೆ ಕೆಡಿಸಿಕೊಂಡಿರಲಿಲ್ಲ. ಸೀರಿಯಲ್ ಬಂದ ಮೇಲೆ ದೇಶವೇ ಎದ್ದು ಕೂತಿತು. ಅದೇ 2024ರ ಮೇ ತಿಂಗಳಲ್ಲಿ ಶಿಕ್ಷೆಗಳನ್ನೆಲ್ಲ ಒಟ್ಟಿಗೆ ರದ್ದು ಮಾಡುವ ಕಾನೂನು ಪಾಸಾಯಿತು. ಬೇಟ್ಸ್ ಆಗಿ ಟೋಬಿ ಜೋನ್ಸ್ ನಟಿಸಿದ್ದಾರೆ. ಒಮ್ಮೆಯೂ ಕೂಗಾಡುವುದಿಲ್ಲ. ಫೈಲು ಇಟ್ಟುಕೊಂಡು ಕಾಯುತ್ತಾರೆ, ಅಷ್ಟೆ.

ರಾತ್ರಿಪಾಳಿ:
ಅಂಚೆ ಸರ್, ನೀವು ಇನ್ನೂ ಜಾಸ್ತಿ ಬರೀಬೇಕು ಇಲ್ಲಿ.

ಅಡೊಲೆಸೆನ್ಸ್ ಬಗ್ಗೆ ಯಾರೂ ಹೇಳಲೇ ಇಲ್ವಲ್ಲ? 2025ರ ಮಾರ್ಚ್, ನೆಟ್‌ಫ್ಲಿಕ್ಸ್. 13 ವರ್ಷದ ಹುಡುಗನ ಮೇಲೆ ಕೊಲೆ ಆರೋಪ. ನಾಲ್ಕು ಕಂತು, ಒಂದೊಂದು ಕಂತೂ ಒಂದೇ ಶಾಟ್, ಎಲ್ಲೂ ಕತ್ತರಿ ಇಲ್ಲ.

ಶರಾವತಿ ತೀರ:
ಆ ಒಂದೇ ಶಾಟ್ ವಿಷಯ ನನಗೆ ಸರ್ಕಸ್ ಅನಿಸಿತು. ಎರಡನೇ ಕಂತಿನ ಕೊನೆಯಲ್ಲಿ ಕ್ಯಾಮೆರಾ ಡ್ರೋನಿಗೆ ಸಿಕ್ಕಿಕೊಂಡು ಊರ ಮೇಲೆ ಹಾರುತ್ತದೆ. ಆಗ ನಾನು ಹುಡುಗಿ ಸತ್ತ ದುಃಖ ಮರೆತು, ಇದನ್ನು ಹೇಗೆ ಮಾಡಿದರಪ್ಪ ಅಂತ ಯೋಚಿಸುತ್ತಿದ್ದೆ.

ರಾತ್ರಿಪಾಳಿ:
ಎರಡನೇದು ಬಿಡಿ, ಮೂರನೇ ಕಂತು? ಒಂದು ಕೋಣೆ, ಹುಡುಗ, ಮನಶ್ಶಾಸ್ತ್ರಜ್ಞೆ. ಅವಳು ಅವನಿಗೆ ಬಿಸಿ ಚಾಕೊಲೇಟು, ತನ್ನ ಸ್ಯಾಂಡ್‌ವಿಚ್ಚಿನ ಅರ್ಧ ಕೊಡ್ತಾಳೆ. ಮಾತು ಮಾತಿಗೆ ಹುಡುಗ ಮಗುವಿನಿಂದ ಬೇರೆ ಏನೋ ಆಗಿ ಮತ್ತೆ ಮಗುವಾಗ್ತಾನೆ. ಕತ್ತರಿ ಇಲ್ಲದ್ದರಿಂದ ನಮಗೂ ಎದ್ದು ಹೋಗುವ ದಾರಿ ಇಲ್ಲ. ಓವನ್ ಕೂಪರ್ ಅನ್ನೋ ಆ ಹುಡುಗನಿಗೆ ಅದೇ ಮೊದಲ ನಟನೆ, ಚಿತ್ರೀಕರಣ ಶುರುವಾದದ್ದೂ ಆ ಕಂತಿನಿಂದಲೇ. 15ನೇ ವಯಸ್ಸಿಗೆ ಎಮ್ಮಿ ಪ್ರಶಸ್ತಿ ಬಂತು. ಹೈಸ್ಕೂಲ್ ಓದೋ ಮಕ್ಕಳಿರುವ ಮನೆಯವರು ನೋಡಿ, ಬಾಗಿಲು ಹಾಕಿಕೊಂಡು ಮೊಬೈಲ್ ಹಿಡಿದು ಕೂತ ಹುಡುಗನ ಕೋಣೆಯಲ್ಲಿ ಏನು ನಡೀತಿದೆ ಅಂತ ಅಪ್ಪ ಅಮ್ಮನಿಗೆ ಗೊತ್ತಾಗದ ಕಥೆ.

ತುಮಕೂರು ಸಿಸ್ಟರ್:
ನಾನು ನರ್ಸ್. ಅಮ್ಮನ ಜೊತೆ ನೋಡೋಕೆ ಕಾಲ್ ದ ಮಿಡ್‌ವೈಫ್ ಯಾಕೆ ಯಾರೂ ಹೇಳಲಿಲ್ಲ? 1957ರಲ್ಲಿ ಶುರುವಾಗುವ ಕಥೆ, ಲಂಡನ್ನಿನ ಬಡವರ ಬಡಾವಣೆ ಪಾಪ್ಲರ್. ಕ್ರೈಸ್ತ ಸನ್ಯಾಸಿನಿಯರೂ ಎಳೇ ನರ್ಸುಗಳೂ ಸೈಕಲ್ ತುಳಿದುಕೊಂಡು ಮನೆಮನೆಗೆ ಹೋಗಿ ಹೆರಿಗೆ ಮಾಡಿಸ್ತಾರೆ. ಜೆನಿಫರ್ ವರ್ತ್ ಎಂಬ ನರ್ಸ್ ಬರೆದ ನೆನಪುಗಳಿಂದ ಶುರುವಾದದ್ದು. ಥಾಲಿಡೊಮೈಡ್ ಮಾತ್ರೆ ತಿಂದ ತಾಯಂದಿರಿಗೆ ಕೈಕಾಲು ಸರಿಯಿಲ್ಲದ ಮಕ್ಕಳು ಹುಟ್ಟಿದ ಕಂತುಗಳಿವೆ. ಮಾತ್ರೆ ಕೊಟ್ಟ ಡಾಕ್ಟರು ಒಳ್ಳೆಯವರೇ. ಅದು ಗೊತ್ತಾದ ಮೇಲೆ ಅವರು ಪಡುವ ಸಂಕಟ ಇದೆಯಲ್ಲ, ನಮ್ಮ ಕೆಲಸದವರಿಗೆ ಚುಚ್ಚುತ್ತೆ. ನನ್ನ ಅತ್ತೆ ಇದನ್ನು ಬಿಟ್ಟು ಬೇರೆ ಹಾಕಿದರೆ ರಿಮೋಟ್ ಕಿತ್ಕೋತಾರೆ. ಸೀಸನ್ ಜಾಸ್ತಿ ಇದೆ, ನಿಮ್ಮ ಷರತ್ತಿಗೆ ಹೊಂದಲ್ಲ, ಆದರೂ ಮೊದಲ ಮೂರು ನೋಡಿ ನಿಲ್ಲಿಸಬಹುದು.

ಹೆಬ್ಬಾಳದವಳು:
ನಮ್ಮಜ್ಜಿ ಊರಲ್ಲಿ ಹೆರಿಗೆ ಮಾಡಿಸುತ್ತಿದ್ದವರು. ಹಾಗಾಗಿ ಅಮ್ಮನಿಗೆ ಇದೇ. ನನಗೆ ಹ್ಯಾಪಿ ವ್ಯಾಲಿ, ಆಮೇಲೆ ಬೇಟ್ಸ್. ಶರಾವತಿ ಸರ್ ಬೈದರೂ ಜ್ಯುವೆಲ್ ಇನ್ ದ ಕ್ರೌನ್ ಕೂಡ ಪಟ್ಟಿಗೆ ಹಾಕಿದ್ದೀನಿ.

ಶರಾವತಿ ತೀರ:
ಬೈದಿಲ್ಲ, ನೋಡಿ. ನೋಡಿದ ಮೇಲೆ ಇಲ್ಲೇ ಬಂದು ಜಗಳ ಆಡೋಣ.

ಹಳೇ ಆಂಟೆನಾ:
ಫಾಯ್ಲ್ಸ್ ವಾರ್ ಬಿಟ್ಟುಹೋಯಿತು. ಎರಡನೇ ಮಹಾಯುದ್ಧದ ಕಾಲ, ಹೇಸ್ಟಿಂಗ್ಸ್ ಊರು. ಹೊರಗೆ ಸಾವಿರಾರು ಜನ ಸಾಯುತ್ತಿರುವಾಗ ಊರಿನಲ್ಲಾದ ಒಂದು ಕೊಲೆಯ ಹಿಂದೆ ಯಾಕೆ ಬಿದ್ದಿದ್ದೀರಿ ಅಂತ ಎಲ್ಲರೂ ಪೊಲೀಸ್ ಅಧಿಕಾರಿ ಫಾಯ್ಲ್‌ಗೆ ಕೇಳುತ್ತಾರೆ. ಅವರು ಉತ್ತರ ಕೊಡುವುದಕ್ಕಿಂತ ಜಾಸ್ತಿ ಸುಮ್ಮನಿರುತ್ತಾರೆ. 2007ರಲ್ಲಿ ಚಾನೆಲ್ ನಿಲ್ಲಿಸಿತ್ತು, ಜನರ ಒತ್ತಾಯಕ್ಕೆ ಮತ್ತೆ ತಂದರು. ಕಾಲ ಹಳೇದು, ಕಥೆ ಪೊಲೀಸಿನದು, ನಿಮಗೆ ಎರಡೂ ಒಂದರಲ್ಲೇ ಸಿಗುತ್ತದೆ.

ಕರಾವಳಿ ಕಿರಿಕ್:
ಬ್ರಾಡ್‌ಚರ್ಚ್ ಮೊದಲ ಸೀಸನ್ನೂ ಸೇರಿಸಿ ಮೇಡಂ. ಎಂಟು ಕಂತು, ಡಾರ್ಸೆಟ್ಟಿನ ಕಡಲತೀರದ ಚಿನ್ನದ ಬಣ್ಣದ ಬಂಡೆ, ಒಲಿವಿಯಾ ಕೋಲ್ಮನ್ ನಟನೆ. ಎರಡನೇದು ಸುಮಾರು.

ಲೀಡ್ಸ್ ಕನ್ನಡಿಗ:
ಅನ್‌ಫರ್ಗಾಟನ್ ಬಗ್ಗೆ ಬರೆಯೋಣ ಅಂದ್ಕೊಂಡೆ. ನೆಲ ಅಗೆದಾಗ ಹಳೇ ಮೂಳೆ ಸಿಗುತ್ತೆ, ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಹಾಗೆ ಕಾಣುವ ನಾಲ್ಕು ಜನರ ಮನೆ ಬಾಗಿಲಿಗೆ ಪೊಲೀಸರು ಹೋಗ್ತಾರೆ. ನಿಕೋಲಾ ವಾಕರ್, ಸಂಜೀವ್ ಭಾಸ್ಕರ್ ಜೋಡಿ. ಸಂಜೀವ್ ಅಲ್ಲಿ ಸನ್ನಿ ಅನ್ನೋ ಪೊಲೀಸ್, ಬರೀ ಪೊಲೀಸ್. ಭಾರತೀಯ ಮೂಲ ಅಂತ ಕರಿಬೇವಿನ ಹಾಗೆ ಪಕ್ಕಕ್ಕೆ ಎತ್ತಿಟ್ಟಿಲ್ಲ. ನಾಲ್ಕನೇ ಸೀಸನ್ ಕೊನೆಯಲ್ಲಿ ಏನಾಗುತ್ತೆ ಅಂದ್ರೆ...

ತುಮಕೂರು ಸಿಸ್ಟರ್:
ಅಣ್ಣಾ ನಿಲ್ಸಿ! ನಾನಿನ್ನೂ ಮೂರನೇದರಲ್ಲಿದ್ದೀನಿ.